ಕೈವಾಡ

ಇಲ್ಲ ಅಂದ್ರ ಇಲ್ಲ ಮಕ್ತುಮ! ಎಷ್ಟು ಸಲ ಹೇಳ್ಬೇಕಲೇ ನಿನಗ? ಆ ನೆಗೆಟಿವ್ ನನ್ನ ಹತ್ರ ಇಲ್ಲ. ದಸರಾ ಮುಂದ ಮಳಿ ಹೊಡೀತಲ್ಲ, ಆವಾಗ ಈ ಸ್ಟುಡಿಯೋದ ಗ್ವಾಡಿ ಸೋರಿ ಎರಡು ಡಬ್ಬಿ ನೆಗೆಟಿವ್ ಬೂಸರ ಹಿಡದು ಹಾಳಾದವು. ನಿಂದೂ ಅದರಾಗ ಇತ್ತು... ಇದ್ದಿರಬೇಕು. ಕುಂದ್ರು ಮೊದಲ. ಸಿಂಧನೂರಿಂದ ಮೊದಲನೇ ಬಸ್ಸಿಗೆ ಮಸ್ಕಿಗೆ ಬಂದೀ, ಹೊಟ್ಟಿಗೆ ಏನರ ಹಾಕೀಯೋ ಇಲ್ಲೋ. ಆ ಸ್ಟೂಲ್ ಬ್ಯಾಡ, ಕಾಲು ಸಡ್ಲ ಆಗ್ಯಾದ. ಈ ಕುರ್ಚಿ ಮ್ಯಾಲ ಕುಂದ್ರು, ಮದುಮಕ್ಕಳು ಕುಂದ್ರೋ ಕುರ್ಚಿ. ಯಾಕ ನಗತಿ? ನಗಲಿಲ್ಲಾ? ಆತು ಬಿಡು, ನನಗ ಹಂಗ ಕಂಡಿತು.

ಚಾ ಕುಡಿ. ಥೂ! ನೊಣ ಬಿದ್ದದ ನೋಡು. ಚೆಲ್ಲು, ಚೆಲ್ಲು, ಇನ್ನೊಂದು ತರಸ್ತೀನಿ. ಬ್ಯಾಡಾ? ನನಗೂ ಬ್ಯಾಡ. ನಿನ್ನೆಯಿಂದ ಬಾಯಾಗ ಏನಿಟ್ರೂ ಪ್ರಿಂಟ್ ತೊಳಿಯೋ ಹೈಪೋದ ವಾಸನಿನೇ ಹೊಡೀತದ.

ಆ ಕಾಗದ ಒಳಗಿಡು, ತೋರಸಬ್ಯಾಡ. ನನಗೂ ಬಂದದ. ಕಾರ್ಬನ್ ಕಾಪಿ! ನಿನ್ನ ಬೇಇಜ್ಜತಿನೂ ಕಾರ್ಬನ್ ಹಾಕಿ ಹತ್ತು ಮಂದಿಗೆ ಹಂಚ್ಯಾರ. "ಮಕ್ತುಮ್‌ಸಾಬ್ ಅವರು ಕಳಿಸಿದ ಬೆಳ್ಳಕ್ಕಿ ಚಿತ್ರ ತಿದ್ದಿದ್ದಾಗಿದೆ. ಮೋಸ ಮಾಡುವವರಿಗೆ ನಮ್ಮ ಬಳಗದಲ್ಲಿ ಜಾಗವಿಲ್ಲ." ಓದಿ ಹೇಸಿಗಿ ಬಂತು ನನಗ, ಖರೇ ಹೇಳ್ತೀನಿ. ಎಂಥಾ ಬಳಗಲೇ ಅದು? ನಾವಿಬ್ಬರು ಬಿಟ್ರ ಒಬ್ಬರ ಮಾರಿ ಒಬ್ಬರು ನೋಡಿಲ್ಲ, ದನಿ ಕೇಳಿಲ್ಲ! ಧಾರವಾಡದಾಗ ಒಬ್ಬ ಮುದುಕ ಮಾಸ್ತರು ಕುಂತು ಗಿಡ, ಗುಡ್ಡ, ಹಕ್ಕಿ ಹೆಂಗ ತೆಗೀಬೇಕಂತ ಪಾಠ ಬರದು ಟಪಾಲಿಗೆ ಹಾಕ್ತಾರ. ನಾವು ಹತ್ತು ಊರಾಗ ಹತ್ತು ಮಂದಿ ಅದನ್ನ ಓದಿ ಫೋಟೋ ತೆಗದು ಒಂದು ಖಾಕಿ ಲಕೋಟೆದಾಗ ಹಾಕೋದು. ಅದು ಊರಿಂದ ಊರಿಗೆ ತಿರಗೋದು. ಪ್ರಿಂಟಿನ ಹಿಂದ ಚೀಟಿ, ಚೀಟಿ ಮ್ಯಾಲ ಕಂಡಕಂಡವರ ಬುದ್ಧಿಮಾತು. ಬೆಳಕು ಸಾಲದು! ಗುಡ್ಡ ಸೊಟ್ಟ ಆಗ್ಯಾದ! ಮೂರು ವರ್ಷ ಇದನ್ನ ಓದಿ ಓದಿ ವಾಕರಿಕಿ ಬಂದದ.

ಮನ್ಯಾಗ ಹೇಣ್ತಿ ಏನಂದ್ಲು, ಸಕೀನಾಬೀ? ಗ್ವಾಡಿಗೆ ತೂಗಹಾಕಿದ್ಲಲ್ಲ ನಿನ್ನ ಹಳೇ ಫೋಟೋಗಳನ್ನ... ತೆಗದಿಟ್ಟಾಳಾ? ಎಲ್ಲಾನೂ? ನಿನ್ನ ಕಾಲುವಿ ಆಫೀಸಿನಾಗೂ ಗೊತ್ತಾಗ್ಯಾದಾ? "ಏನ್ ಮಕ್ತುಮ್‌ಸಾಬ್, ಗೇಟಿನ ನೀರಿನ ಲೆಕ್ಕಾನೂ ಹಿಂಗ ತಿದ್ದತೀಯೇನು" ಅಂತ ಅಂದ್ರಾ? ಛೀ! ಹೊಲಸು ಮಂದಿ.

ಇದು ಲಿಂಗಸುಗೂರಿನ ಆ ದ್ಯಾವಪ್ಪನ ಕೆಲಸ, ಬರದು ಕೊಡ್ತೀನಿ ಬೇಕಾದ್ರ. ಡ್ರಾಯಿಂಗ್ ಮಾಸ್ತರ ಅಲ್ಲೇನು, ಕಣ್ಣು ಬರೇ ಮಂದಿ ತಪ್ಪಿನ ಮ್ಯಾಲ. ಲಕೋಟೆ ಇಲ್ಲಿಂದ ಸೀದಾ ಅವನ ಮನಿಗೇ ಹೋಗ್ತದ. ಅವನೇ ಮಾಸ್ತರ ಕಿವಿ ಊದ್ಯಾನ. ಯಾಕ ತಲಿ ಅಲ್ಲಾಡಸ್ತಿ? ಏನದು, ಇನ್ನೊಂದು ಕಾಗದ? ಕೊಡಿಲ್ಲಿ... "ನೆಗೆಟಿವ್ ನೋಡದೆ ಅವರ ಹೆಸರು ಹೊಡೆಯಬೇಡಿ, ಧಾರವಾಡದ ಸಭೆಗೆ ತರಲು ಹೇಳಿ." ದ್ಯಾವಪ್ಪ? ದ್ಯಾವಪ್ಪ ಬರದಾನಾ ಇದನ್ನ, ಧಾರವಾಡಕ್ಕ? ನಿನಗೂ ಒಂದು ಕಾಪಿ ಹಾಕ್ಯಾನಾ?... ಓ. ಅದಕ್ಕ ನೆಗೆಟಿವ್ ಬೇಕು ಅಂತಿ. ನಾಳಿ ಧಾರವಾಡದಾಗ, ಬಳಗದ ಮೊದಲನೇ ಸಭಾದಾಗ, ಎಲ್ಲರ ಮುಂದ ಇಟ್ಟು, ನಾ ಏನೂ ತಿದ್ದಿಲ್ಲ ನೋಡ್ರಿ ಅಂತ ತೋರಸ್ಬೇಕು. ಹತ್ತರ ಬಸ್ಸಿಗೆ ಹೊಂಟೀಯಾ? ಹೂಂ. ಆದ್ರ ಇಲ್ಲಲ್ಲೋ ಅದು. ಬೂಸರ ಹಿಡೀತು ಅಂದ್ನೆಲ್ಲ.

ಯಾರ್ರೀ ಅದು? ಗದ್ದೆಮ್ಮಕ್ಕ, ಹೊರಗ ನಿಲ್ರಿ, ಚಪ್ಪಲ್ ಹಾಕ್ಕೊಂಡು ಬರಬ್ಯಾಡ್ರಿ. ನಿಮ್ಮ ಮಗಳ ಮದಿವಿ ಫೋಟೋ ಸಂಜೀಕ ಕೊಡ್ತೀನಿ. ಹೌದ್ರೀ, ಗಲ್ಲದ ಮ್ಯಾಗಿನ ಸುಟ್ಟ ಕಲಿ ತೆಗದೀನಿ, ಕಾಣಂಗೇ ಇಲ್ಲ. ಹೋಗಿ ಬರ್ರಿ.

ನೋಡಿದೇನು? ಇದು ನನ್ನ ಹಣೇಬರಹ. ಹಗಲೆಲ್ಲಾ ಹೆಣ್ಣುಮಕ್ಕಳ ಗಲ್ಲದ ಕಲಿ ತೆಗಿಯೋದು, ಮುದುಕರ ಹಲ್ಲು ಕೂಡಸೋದು. ನೆಗೆಟಿವ್ ಮ್ಯಾಲ ಬ್ಲೇಡಿನ ತುದೀಲೆ ಕೆರಿ, ಪೆನ್ಸಿಲ್ ಹಚ್ಚು, ಮತ್ತ ಕೆರಿ. ಮಂದಿಗೆ ಖರೇ ಮಾರಿ ಬೇಕಿಲ್ಲ. ಇಪ್ಪತ್ತು ವರ್ಷ ಇದನ್ನೇ ಮಾಡಿ ನನ್ನ ಕೈಗೆ ಚಟ ಹತ್ಯಾದ ಮಕ್ತುಮ. ಒಂದು ಕಲಿ ಕಂಡ್ರ ಸುಮ್ನ ಇರಾಂಗಿಲ್ಲ ಇದು. ನಿಂದೂ ಹಂಗೇ...

ಏನೂ ಇಲ್ಲ. ಏನಂದೆ ನಾನು?

ಹಂಗ ನೋಡಬ್ಯಾಡಲೇ. ಹೂಂ... ಮಾಡಿದೆ. ಸ್ವಲ್ಪ ತಿದ್ದಿದೆ. ನಿನ್ನ ಚಲೋದಕ್ಕ ಮಾಡಿದ್ದದು! ಕೇಳಿಲ್ಲಿ. ಶ್ರಾವಣದಾಗ ಆರ್.ಎಚ್. ಕ್ಯಾಂಪಿನ ಬಂಗಾಲಿ ನಿರಾಶ್ರಿತರ ಗದ್ದ್ಯಾಗ ಭತ್ತ ನಾಟಿ ನಡದಿತ್ತು. ನೀ ಬದುವಿನ ಮ್ಯಾಲ ಹೊಟ್ಟಿ ಹಚ್ಚಿ ಮಲಕೊಂಡು ಬೆಳ್ಳಕ್ಕಿ ತೆಗದಿದ್ದಿ. ಕಾಲುವಿಗೆ ನೀರು ಬಿಟ್ಟ ವಾರ, ಗೇಟ್ ಬಿಟ್ಟು ಬರಾಕಾಗಂಗಿಲ್ಲ ಅಂತ ರೋಲ್ ಬಸ್ ಕಂಡಕ್ಟರ್ ಕೈಯಾಗ ಕಳಿಸಿದಿ. "ಅಯ್ಯಪ್ಪ, ಚಲೋದೊಂದು ನೋಡಿ ಪ್ರಿಂಟ್ ಹಾಕಿ ನೀನೇ ಲಕೋಟೆಗೆ ಹಾಕಿಬಿಡು" ಅಂದಿ. ಹಾಕಿದೆ. ನಿನ್ನ ಹೆಸರೂ ನಾನೇ ಬರದೆ. ಆದ್ರ ಆ ಫೋಟೋದ ಮೂಲ್ಯಾಗ ಒಂದು ಕೈ ಇತ್ತಲ್ಲೋ! ಸಸಿ ಹಚ್ಚೋ ಬಂಗಾಲಿ ಹೆಂಗಸಿನ ಕೈ, ಎರಡು ಬಿಳೇ ಶಂಖದ ಬಳಿ ಹಾಕ್ಕೊಂಡಿದ್ದು. ಮಾಸ್ತರು ಪಾಠದಾಗ ಏನ್ ಬರದಾರ? "ನಿಸರ್ಗ ಚಿತ್ರದಲ್ಲಿ ಮನುಷ್ಯನ ಕೈವಾಡ ಇರಕೂಡದು." ಕೈ ಇರಬಾರದು ಅಂದ್ರ ತೆಗೀಬೇಕಲ್ಲ? ತೆಗದೆ! ಬಳಿ ಕೆರದೆ, ಕೈ ಮ್ಯಾಲ ಪೆನ್ಸಿಲ್ ಹಚ್ಚಿದೆ, ನೀರಿನ ಬಣ್ಣ ಕೂಡಸಿದೆ. ಕೈವಾಡ ಅಂದ್ರ ಕೈ ಅಂತ ತಿಳಕೊಂಡೆ. ಹಳ್ಳಿ ಮಂದಿ ನಾವು, ಅವರ ಪುಸ್ತಕದ ಕನ್ನಡ ನಮಗೇನು ತಿಳೀತದ?

ಯಾಕ, ನಂಬಂಗಿಲ್ಲಾ? ಗೊತ್ತದ ನನಗ ನೀ ಏನ್ ನೆನಸಾಕತ್ತಿ. ಸಾಲ್ಯಾಗ ಕನ್ನಡದಾಗ ಅಯ್ಯಪ್ಪನೇ ಮೊದಲು, ಅದನ್ನೇ ಅಲ್ಲ? ಅರ್ಜಿ ಬರಸಾಕ ಊರ ಮಂದಿನೆಲ್ಲ ನನ್ನ ಹತ್ರ ಕರ್ಕೊಂಡು ಬಂದವ ನೀನೇ. ಆತು. ಗೊತ್ತಿತ್ತು. ಕೈವಾಡ ಅಂದ್ರ ಏನಂತ ಚಲೋತ್ನಾಗೇ ಗೊತ್ತಿತ್ತು. ಬ್ಲೇಡು ಹಿಡಕೊಂಡು ನಾ ಮಾಡಾಕತ್ತಿದ್ದೇ ಅದು ಅಂತಾನೂ ಗೊತ್ತಿತ್ತು. ಥೂ!

ಯಾಕ ಅಂತ ಕೇಳಂಗಿಲ್ಲೇನು? ನಾನೇ ಹೇಳ್ತೀನಿ. ಕ್ಯಾಮೆರಾ ಹಿಡಿಯೋದು ಕಲಿಸಿದವ ನಾನು. ಬಳಗಕ್ಕ ನಿನ್ನ ಹೆಸರು ಬರಸಿದವ ನಾನು. ನೀ ಹಿಡಿಯೋ ಕ್ಯಾಮೆರಾನೂ ನಂದೇ. ಗುರುಗುಂಟಾ ಕಡೆ ಬಂಡಿಗಲ್ಲು ಹತ್ತಿ, ಮೂರು ಮುಂಜಾನಿ ಚಳ್ಯಾಗ ನಡಗಕೋತ ಕುಂತು ನಾನೂ ಒಂದು ಫೋಟೋ ತೆಗದು ಕಳಿಸಿದ್ದೆ. ಮಾಸ್ತರು ಏನ್ ಬರದ್ರು? "ಕೆಲಸ ಸ್ವಚ್ಛವಾಗಿದೆ." ಸ್ವಚ್ಛ! ಹೋಟೆಲಿನಾಗ ಟೇಬಲ್ ಒರಸೋವಗ ಹೇಳೋ ಮಾತಲೇ ಅದು! ನಿಂದು, ಗೇಟಿನ ಮ್ಯಾಲ ಕುಂತ ಒಂದು ಕಾಗಿ, ಅದಕ್ಕೇನ್ ಬರದ್ರು? "ಇವರಿಗೆ ಕಣ್ಣು ಇದೆ." ಆ ಚೀಟಿ ನನ್ನ ಕೈಯಿಂದಲೇ ನಿನಗ ತಂದುಕೊಟ್ಟೆ. ನೀ ಚಾ ಕುಡಿಸಿದಿ. ಮಿರ್ಚಿನೂ ತಿನಿಸಿದಿ. ನಾ ತಿಂದೆ, ಹೊರಗ ಬಂದು ಕಾಲುವಿ ದಂಡ್ಯಾಗ ಕಾರಿದೆ. ಬಿಸಲಿಗೆ ಅಂತ ಹೇಳಿದೆ ನಿನಗ.

ಅದರ ಮ್ಯಾಲ ಆ ಬೆಳ್ಳಕ್ಕಿ... ಆ ಕೈಯಿಂದ ಒಂದು ಗೇಣು ದೂರ ನಿಂತಿತ್ತು ಮಕ್ತುಮ, ಅಂಜದ ನಿಂತಿತ್ತು. ಅದೇ ಚಿತ್ರ. ಕೈ ಇದ್ದದ್ದಕ್ಕೇ ಅದು ಚಿತ್ರ. ಹಂಗೇ ಕಳಿಸಿದ್ರ ಮಾಸ್ತರು ತಮ್ಮ ಕಾಯ್ದೇನ ಮರೀತಿದ್ರು.

ತಗೋ. ಇಲ್ಲೇ ಇತ್ತು, ಈ ಖಾನ್ಯಾಗ. ಬೂಸರ ಗೀಸರ ಏನೂ ಹಿಡದಿಲ್ಲ. ಬೆಳಕಿಗೆ ಹಿಡದು ನೋಡು, ಕೆರದ ಗೀಟು ಕಾಣ್ತಾವ. ಇದನ್ನಷ್ಟೇ ಒಯ್ದ್ರ ನೀನೇ ಕೆರದಿ ಅಂತಾರ. ತಡಿ, ಬರದು ಕೊಡ್ತೀನಿ. ಆ ಪೆನ್ ಈಕಡೆ ಕೊಡು. "ಮಾಸ್ತರಿಗೆ, ಮಸ್ಕಿಯ ಅಯ್ಯಪ್ಪನ ನಮಸ್ಕಾರ. ಬೆಳ್ಳಕ್ಕಿ ಚಿತ್ರವನ್ನು ತಿದ್ದಿದವನು ನಾನು. ಮಕ್ತುಮ್‌ಸಾಬ್ ಪ್ರಿಂಟನ್ನು ನೋಡಿಯೇ ಇರಲಿಲ್ಲ. ಕೈ ತೆಗೆದೆ. ನೀರಿನೊಳಗಿನ ಬಳೆಯ ನೆರಳು ಗೊತ್ತಿಲ್ಲದೆ ಉಳಿಯಿತು. ಅದರ ಅಪವಾದ ಅವರ ಮೇಲೆ ಬಂತು." ಸಹಿ. ತಾರೀಕು. ಆತಲ್ಲ? ಹೋಗು, ಹತ್ತರ ಬಸ್ ಬಂದು ನಿಂತದ.

ಏಳಲೇ. ಯಾಕ ಏಳವಲ್ಲಿ? ಇನ್ನೇನು ಬೇಕು ನಿನಗ? ಬಳಗ ಬಿಟ್ಟು ನಾನೇ ಹೋಗ್ತೀನಿ, ಮಾನ ನಂದು ಹೋಗ್ತದ, ಸಾಕಾಗಲಿಲ್ಲಾ? ಎಲ್ಲಿ ಬೆರಳಿಟ್ಟಿ? ಯಾವ ಶಬ್ದ?... "ಗೊತ್ತಿಲ್ಲದೆ." ಹೂಂ, ಅದು ಹಂಗೇ ಮಕ್ತುಮ. ಮ್ಯಾಲಿನ ಕೈ ತೆಗಿಯೋ ಗದ್ದಲದಾಗ ನೀರಾಗಿನ ನೆರಳು ನೋಡಲೇ ಇಲ್ಲ. ಎರಡು ಬಿಳೇ ಉಂಗುರದಂಗ, ಸಣ್ಣವು, ಯಾರಿಗೆ ಕಾಣ್ತಾವ? ಮಾಸ್ತರಿಗೆ ಕಂಡವು, ವಾಪಸ್ ಕಳಿಸಿದ ಪ್ರಿಂಟಿನ ಮ್ಯಾಲ ಕೆಂಪು ಶಾಯಿಲೆ ಬಾಣ ಹೊಡದು "ಈ ಬಳೆ ಯಾರ ಕೈಯದು?" ಅಂತ ಕೇಳ್ಯಾರ. ನನಗ ಕಾಣಲಿಲ್ಲ. ಕಲಿ ತೆಗಿಯೋದ್ರಾಗ ಇಪ್ಪತ್ತು ವರ್ಷ ಕಳದವಗ... ಎಳ್ಳುಕಾಳಿನಷ್ಟು ಕಲಿನೂ ಬಿಡದವಗ...

ಕೈ ತೆಗಿ ಕಾಗದದ ಮ್ಯಾಲಿಂದ.

ತೆಗಿ ಅಂದೆ.

ಕಂಡಿತ್ತಲೇ! ಟ್ರೇದಾಗ ಪ್ರಿಂಟ್ ಮೇಲೆದ್ದು ಬರೋವಾಗ ಎಲ್ಲಾದಕ್ಕಿಂತ ಮೊದಲು ಅದೇ ಕಂಡಿತ್ತು. ಬ್ಲೇಡು ಪಕ್ಕದಾಗೇ ಇತ್ತು. ಇನ್ನೊಂದು ಐದು ಮಿನಿಟಿನ ಕೆಲಸ. ನಾ ಕೆರೀಲಿಲ್ಲ. ಮಾಸ್ತರ ಕಣ್ಣಿಗೆ ಬೀಳಲಿ ಅಂತ ಬಿಟ್ಟೆ. ಅವರು ಹೇಳಿದ್ರಲ್ಲ, ನಿನಗ ಕಣ್ಣು ಅದ ಅಂತ... ಥೂ, ನನ್ನ ಬಾಯಾಗ ಮಣ್ಣು ಹಾಕ. ಹಾಳಿ ಒಣಗಿಸಿ ಲಕೋಟೆಗೆ ಹಾಕಿ, ಅಂಟು ಹಚ್ಚಿ, ಟಪಾಲ್ ಡಬ್ಬಿಗೆ ನಾನೇ ಹೋಗಿ ಹಾಕಿ ಬಂದೆ.

ಕೊಡು ಆ ಕಾಗದ. ಕೊಡಿಲ್ಲಿ. ಬಸ್ಸಿನವಗ ಒಂದು ಮಿನಿಟ್ ನಿಲ್ಲಾಕ ಹೇಳು. ಆ ಒಂದು ಶಬ್ದ ಹೊಡದು ಕೊಡ್ತೀನಿ.