ಎರಡು ಗಂಟೆಯ ಟೆಂಪರೇಚರ್

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಪ್ರಾಂಶುಪಾಲೆ ವಿನೋದಾ ಮೇಡಂ ಅವರೇ, ವೇದಿಕೆಯ ಮೇಲಿರುವ ಮಕ್ಕಳ ತಜ್ಞ ಡಾಕ್ಟರ್ ಸಲಾಂ ಅವರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ತಲೆಗೆ ಬಿಳಿ ಕ್ಯಾಪ್ ತೊಡಲಿರುವ ವಿದ್ಯಾರ್ಥಿನಿಯರೇ, ಅವರನ್ನು ನೋಡಲು ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು ಬಂದಿರುವ ತಂದೆತಾಯಂದಿರೇ, ಸಭಿಕರೇ,

ನನಗೆ ಕೊಟ್ಟಿರುವ ವಿಷಯ ‘ದಾದಿಯ ಜೀವನದಲ್ಲಿ ಏಕಾಗ್ರತೆ’. ಕೊಟ್ಟಿರುವ ಸಮಯ ಹತ್ತು ನಿಮಿಷ. ಎಂಟು ಹಾಳೆ ಬರೆದುಕೊಂಡು ಅತ್ತಾವರದಿಂದ ನಡೆದು ಬಂದೆ. ಈಗ ನೋಡಿದರೆ ಕೈಯಲ್ಲಿ ಏಳು ಉಂಟು. ಕಳೆದುಹೋದದ್ದು ಮೊದಲನೆಯದೇ. ಹಾಗಾಗಿ ಈ ಭಾಷಣಕ್ಕೆ ಆರಂಭವಿಲ್ಲ, ಕ್ಷಮಿಸಬೇಕು. ವಿನೋದಾ ಮೇಡಂ ಆಗಲೇ ನಗುತ್ತಿದ್ದಾರೆ. ಅವರು ನನ್ನ ಸಹಪಾಠಿ. ಏಕಾಗ್ರತೆಯ ಬಗ್ಗೆ ಮಾತಾಡಲು ಗುಣವತಿ ಎಂಬ ಹೆಸರಿನ ನನ್ನನ್ನೇ ಕರೆದದ್ದು ಸನ್ಮಾನವೋ ತಮಾಷೆಯೋ, ಅವರೇ ಹೇಳಬೇಕು.

ಏಕಾಗ್ರತೆ ಎಂದರೇನು? ಒಂದೇ ಕೆಲಸದಲ್ಲಿ ಮನಸ್ಸನ್ನು ನಿಲ್ಲಿಸುವುದು. ನಿಲ್ಲದ ಮನಸ್ಸಿನವರು ಏನು ಮಾಡಬೇಕು? ಜೆಪ್ಪುವಿನಲ್ಲಿ ನನ್ನ ತಂದೆಯವರಿಗೆ ಒಂದು ಸಣ್ಣ ಹೋಟೆಲಿತ್ತು. ರಜೆಯಲ್ಲಿ ನನ್ನನ್ನು ಟೇಬಲ್ ನೋಡಿಕೊಳ್ಳಲು ನಿಲ್ಲಿಸಿದರೆ, ಚಹಾ ಕೇಳಿದವರಿಗೆ ಗೋಳಿಬಜೆ, ಗೋಳಿಬಜೆ ಕೇಳಿದವರಿಗೆ ಬಿಲ್ಲು. ನಾಲ್ಕನೆಯ ದಿನ ತಂದೆಯವರು, “ನೀನು ಮನೆಗೆ ಹೋಗು ಮಗ, ಗಿರಾಕಿಗಳು ಉಳಿಯಲಿ” ಎಂದರು. ಅಂಥವಳು ನರ್ಸಿಂಗ್ ಸೇರುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಗಲಿಲ್ಲ. ನನಗೆ ಆಮೇಲೆ ಗೊತ್ತಾಯಿತು, ಅವರಿಗೆ ಹೆದರಿಕೆಯಾಗಿತ್ತು.

ಮೈಕಿನವರು ಬೇಸರಿಸಬಾರದು. ನನಗೆ ಒಂದೇ ಕಡೆ ನಿಂತು ಮಾತಾಡಿ ಅಭ್ಯಾಸವಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಇದೇ ಶಾಲೆಗೆ ಸೇರಿದೆ. ಕುಳಿತು ಓದಿದರೆ ಒಂದು ಪುಟ ಮುಗಿಯುತ್ತಿರಲಿಲ್ಲ. ಕಿಟಕಿಯ ಹೊರಗೆ ಒಂದು ಕಾಗೆ ಬಂದರೆ ಆ ದಿನದ ಪಾಠ ಕಾಗೆಯದ್ದೇ. ಹಾಸ್ಟೆಲಿನ ಮೆಟ್ಟಿಲು ಹತ್ತುತ್ತಾ ಇಳಿಯುತ್ತಾ ಓದಿದರೆ ಮಾತ್ರ ತಲೆಗೆ ಹೋಗುತ್ತಿತ್ತು. ಒಂದೊಂದು ಮೆಟ್ಟಿಲಿಗೆ ಒಂದೊಂದು ಮೂಳೆಯ ಹೆಸರು. ವಿನೋದಾ ಮೇಲೆ ಕುಳಿತು ಪುಸ್ತಕ ಹಿಡಿದು ತಪ್ಪು ತಿದ್ದುತ್ತಿದ್ದಳು. ತಿದ್ದುತ್ತಿದ್ದರು. ನಮ್ಮ ಟೀಚರ್ ಬರ್ನಡೆಟ್ ಸಿಸ್ಟರ್ ನೋಡಿ, “ಇವಳು ಪಾಸಾದರೆ ಅರ್ಧ ಮಾರ್ಕು ಆ ಮೆಟ್ಟಿಲಿಗೆ ಕೊಡ್ಬೇಕು” ಎಂದಿದ್ದರು.

ಇದಕ್ಕೆ ಒಂದು ಹೆಸರಿದೆ ಎಂದು ನನಗೆ ಹೋದ ವರ್ಷ ತಿಳಿಯಿತು. ಇಲ್ಲೇ ಕುಳಿತಿರುವ ಡಾಕ್ಟರ್ ಸಲಾಂ ಅವರು ಮಕ್ಕಳ ವಾರ್ಡಿನಲ್ಲಿ ಒಬ್ಬ ಹುಡುಗನ ಬಗ್ಗೆ ಹೇಳುತ್ತಾ, ಅಟೆನ್ಶನ್ ಡೆಫಿಸಿಟ್ ಡಿಸಾರ್ಡರ್, ಅಂದರೆ ಗಮನ ನಿಲ್ಲದ ತೊಂದರೆ, ಎಂದರು. ಮಕ್ಕಳಲ್ಲಿ ಇರುತ್ತದೆ, ದೊಡ್ಡವರಾಗುವಾಗ ಹೆಚ್ಚಾಗಿ ಹೋಗುತ್ತದೆ ಎಂದು ಪುಸ್ತಕದಲ್ಲಿ ಉಂಟಂತೆ. ಆಗ ನನಗೆ ಮೂವತ್ತನಾಲ್ಕು ವರ್ಷ. ಅವರ ಮಾತು ಮುಗಿಯುವುದರೊಳಗೆ ನಾನು ಎರಡು ಸಲ ಕೀಲಿಕೈ ಹುಡುಕಿದ್ದೆ.

ಇರಲಿ. ವಾರ್ಡಿನ ವಿಷಯಕ್ಕೆ ಬರುತ್ತೇನೆ. ಇದು ಹಾಳೆಯಲ್ಲಿ ಬರೆದದ್ದಲ್ಲ.

ತಂದೆತಾಯಂದಿರಿಗೆ ಗೊತ್ತಿರಲಿಕ್ಕಿಲ್ಲ. ಮೊದಲ ಆರು ತಿಂಗಳು ಈ ಹುಡುಗಿಯರದ್ದು ಪರೀಕ್ಷೆಯ ಕಾಲ; ಗೆದ್ದವರಿಗೆ ಮಾತ್ರ ಕ್ಯಾಪ್, ಉಳಿದವರು ಮನೆಗೆ. ಆಗ ಅವರ ದೊಡ್ಡ ಕೆಲಸ ಟೆಂಪರೇಚರ್ ನೋಡುವುದು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು. ಮೂರು ನಿಮಿಷ ಥರ್ಮಾಮೀಟರ್, ಒಂದು ನಿಮಿಷ ನಾಡಿ. ಆಮೇಲೆ ಚಾರ್ಟಿನ ಚೌಕದಲ್ಲಿ ಒಂದು ಚುಕ್ಕಿ ಇಟ್ಟು ಹಿಂದಿನ ಚುಕ್ಕಿಗೆ ಗೆರೆ ಸೇರಿಸುವುದು. ನಾಲ್ಕು ನಿಮಿಷ ನಿಲ್ಲುವುದು ಒಂದು ಕಷ್ಟವೇ? ನನಗೆ ಕಷ್ಟವಾಗಿತ್ತು. ಮೈಯಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು.

ಐದನೆಯ ತಿಂಗಳಲ್ಲಿ ಪೂವಪ್ಪ ಎಂಬವರು ಬಂದರು. ಹೆಂಚಿನ ಕಾರ್ಖಾನೆಯ ಕೆಲಸಗಾರ. ಟೈಫಾಯಿಡ್. ಜ್ವರದ ಮೂರನೆಯ ವಾರ. ಒಂದು ದಿನ ಎರಡು ಗಂಟೆಗೆ ನಾನು ಅವರ ಮಂಚದ ಹತ್ತಿರ ಹೋದೆ, ಪಕ್ಕದವರು ನೀರು ಕೇಳಿದರು, ನೀರು ತರಲು ಹೋದವಳಿಗೆ ಇನ್ನೇನೋ ಕಂಡಿತು. ತಿರುಗಿ ಬರುವಾಗ ಚಾರ್ಟು ಕೊಡುವ ಹೊತ್ತಾಗಿತ್ತು. ನಾನು ಪೂವಪ್ಪನವರ ಮೈ ಮುಟ್ಟಲಿಲ್ಲ. ಹಿಂದಿನ ಚುಕ್ಕಿಗಳನ್ನು ನೋಡಿ ಅವುಗಳ ಸಾಲಿಗೇ ಒಂದು ಚುಕ್ಕಿ ಇಟ್ಟೆ. ನಾಡಿ ಎಂಬತ್ತನಾಲ್ಕು ಎಂದು ಬರೆದೆ. ಚೆಂದದ ಗೆರೆ ಎಳೆದೆ.

ವಿನೋದಾ ಮೇಡಂ, ದಯವಿಟ್ಟು ಗಂಟೆ ಹೊಡೆಸಬೇಡಿ. ಇನ್ನು ಸ್ವಲ್ಪವೇ ಉಂಟು.

ನಾಲ್ಕು ಗಂಟೆಗೆ ಡಾಕ್ಟರು ಬಂದಾಗ ಪೂವಪ್ಪನವರ ಮೈ ತಣ್ಣಗಾಗಿತ್ತು, ನಾಡಿ ಓಡುತ್ತಿತ್ತು. ಕರುಳಿನಲ್ಲಿ ರಕ್ತಸ್ರಾವ. ಡಾಕ್ಟರು ನನ್ನ ಚಾರ್ಟು ನೋಡಿ, “ಎರಡು ಗಂಟೆಗೆ ಎಲ್ಲ ಸರಿ ಉಂಟಲ್ಲ, ಇದು ಈಗಷ್ಟೇ ಆದದ್ದು” ಎಂದರು. ಅದು ಯಾವಾಗ ಆದದ್ದು? ಹೇಳಬೇಕಾಗಿದ್ದವಳು ನಾನು ಒಬ್ಬಳೇ. ನಾನು ಹೇಳಲಿಲ್ಲ.

ಅವರು ಬದುಕಿದರು. ಎರಡು ತಿಂಗಳು ಮಲಗಿ ಬದುಕಿದರು. ಭಾರ ಎತ್ತುವ ಕೆಲಸಕ್ಕೆ ಮತ್ತೆ ಹೋಗಲಾಗಲಿಲ್ಲ. ಮನೆಗೆ ಹೋಗುವ ದಿನ ಅವರ ಹೆಂಡತಿ ಹಲಸಿನಹಣ್ಣಿನ ಗಟ್ಟಿ ಎಲೆಯಲ್ಲಿ ಬೇಯಿಸಿ ತಂದು ನನ್ನ ಕೈಯಲ್ಲಿಟ್ಟು, “ನೀವು ಒಳ್ಳೆ ನೋಡಿಕೊಂಡಿದ್ದೀರಿ ಅಮ್ಮ” ಎಂದರು. ಆ ಚಾರ್ಟು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅದನ್ನು ತರಗತಿಯಲ್ಲಿ ಎಲ್ಲರಿಗೂ ಮಾದರಿಯೆಂದು ತೋರಿಸಿದರು. ಅವರು ಇನ್ನೂ ವಾರ್ಡಿನಲ್ಲಿ ಮಲಗಿರುವಾಗಲೇ ಇದೇ ಹಾಲಿನಲ್ಲಿ ನನಗೆ ಕ್ಯಾಪ್ ತೊಡಿಸಿದ್ದರು.

ಒಬ್ಬರಿಗೆ ಮಾತ್ರ ಗೊತ್ತಿತ್ತು. ವಾರ್ಡಿನ ಆಯಾ ಬಾಗಿಯಕ್ಕ. ಪೂವಪ್ಪನವರನ್ನು ಆಪರೇಶನ್‌ಗೆ ಒಯ್ದ ಸಂಜೆ ಆಕೆ ಬೆಡ್‌ಪ್ಯಾನ್ ತೊಳೆಯುತ್ತಾ, ನನ್ನ ಮುಖ ನೋಡದೆ, “ಆ ಥರ್ಮಾಮೀಟರ್ ಮದ್ದುನೀರಿನ ಗ್ಲಾಸಿನಿಂದ ಮೇಲೆಯೇ ಬರ್ಲಿಲ್ಲ. ನಾನು ನೋಡಿದ್ದೇನೆ ಮಾರಾಯ್ತಿ” ಎಂದಳು. ನಾನು ಅತ್ತೆ. “ಅಳುವುದು ಆಮೇಲೆ. ಕಾಲು ನಿಲ್ಲದಿದ್ದರೆ ಕೈಗೆ ಕೆಲಸ ಕೊಡು. ಹೊದಿಕೆ ಮಡಚು, ಅವರ ತಲೆ ಬಾಚು, ಎಂತ ಬೇಕಾದರೂ ಮಾಡು. ಆ ಮಂಚ ಬಿಟ್ಟು ಮಾತ್ರ ಹೋಗ್ಬೇಡ.” ಮರುದಿನದಿಂದ ಮೂರು ವರ್ಷ ಆಕೆ ಕಸಬರಿಕೆ ಹಿಡಿದು ನನ್ನ ಬೆನ್ನ ಹಿಂದೆಯೇ ಇದ್ದಳು. ನಾನು ದಾದಿಯಾದದ್ದು ಹಾಗೆ. ಯಾವ ಹಾಳೆಯಲ್ಲೂ ಇದನ್ನು ಬರೆದಿರಲಿಲ್ಲ.

ಈಗ ಮೇಜಿನ ಮೇಲೆ ನೋಡಿ. ಆರು ತಿಂಗಳ ಹಿಂದೆ ಸೇರಿದವರು ಇಪ್ಪತ್ತೆರಡು ಮಂದಿ. ಕ್ಯಾಪುಗಳು ಇಪ್ಪತ್ತೊಂದು. ಕೊನೆಯ ಸಾಲಿನಲ್ಲಿ ನಳಿನಾಕ್ಷಿ ಎಂಬ ಹುಡುಗಿ ಕುಳಿತಿದ್ದಾಳೆ. ವಾಮಂಜೂರಿನವಳು. ಅವಳ ಅಣ್ಣ ಟ್ರಂಕು ಒಯ್ಯಲು ಬಂದು ಜಗಲಿಯಲ್ಲಿ ನಿಂತಿದ್ದಾರೆ. ಅವಳು ನನ್ನ ವಾರ್ಡಿನಲ್ಲಿದ್ದಳು. ಕಿಟಕಿ ನೋಡುತ್ತಾಳೆ, ಕರೆದರೆ ಕೇಳುವುದಿಲ್ಲ, ಥರ್ಮಾಮೀಟರ್ ಎರಡು ಒಡೆದಿದ್ದಾಳೆ. ಅವಳನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಯಾಕೆ ಅಷ್ಟು ಸಿಟ್ಟು ಎಂದು ನಾನು ನನ್ನನ್ನು ಕೇಳಿಕೊಳ್ಳಲಿಲ್ಲ.

ಹೋದ ಶನಿವಾರ ಅವಳು ಚಾರ್ಟು ಹಿಡಿದು ನನ್ನ ಎದುರು ನಿಂತಳು. “ಸಿಸ್ಟರ್, ಏಳನೇ ಬೆಡ್ಡಿನವರ ಎರಡು ಗಂಟೆಯ ಟೆಂಪರೇಚರ್ ನೋಡ್ಲಿಕ್ಕೆ ಮರೆತುಹೋಯ್ತು. ಖಾಲಿ ಬಿಟ್ಟಿದ್ದೇನೆ. ಈಗ ನೋಡ್ತೇನೆ.” ನಾನು ಅವಳ ಕೈಯಿಂದ ಚಾರ್ಟು ಕಿತ್ತುಕೊಂಡೆ. ಅದೇ ಸಂಜೆ ಕುಳಿತು, ಒಂದೇ ಉಸಿರಿಗೆ, ಬಹಳ ಏಕಾಗ್ರತೆಯಿಂದ ವರದಿ ಬರೆದೆ: ‘ಗಮನವಿಲ್ಲ. ನಂಬಿಕೆಗೆ ಅರ್ಹಳಲ್ಲ. ಈ ವೃತ್ತಿಯಲ್ಲಿ ಮುಂದುವರಿಸಬಾರದು.’

ನನಗೆ ಒಬ್ಬಳು ಬಾಗಿಯಕ್ಕ ಸಿಕ್ಕಿದ್ದಳು. ಆ ಹುಡುಗಿಗೆ ಸಿಕ್ಕಿದ್ದು ನಾನು.

ಅಧ್ಯಕ್ಷರೇ, ಆ ವರದಿ ನಿಮ್ಮ ಕಡತದಲ್ಲಿದೆ. ಅದರಲ್ಲಿ ‘ನಂಬಿಕೆಗೆ ಅರ್ಹಳಲ್ಲ’ ಎಂಬ ಮಾತನ್ನು ಹೊಡೆದುಹಾಕಬೇಡಿ. ಅದು ನಿಜವಾದ ಮಾತು. ಹೆಸರು ಮಾತ್ರ ತಪ್ಪಾಗಿದೆ, ಅದನ್ನು ತಿದ್ದಿ. ತಿದ್ದಿದ ಮೇಲೆ ನನ್ನ ಬಗ್ಗೆ ಏನು ಮಾಡಬೇಕೋ ಮಾಡಿ. ಅದಕ್ಕೆ ಮೊದಲು ಯಾರಾದರೂ ಜಗಲಿಗೆ ಹೋಗಿ, ಟ್ರಂಕು ರಿಕ್ಷಾಕ್ಕೆ ಹಾಕಬೇಡಿ ಎಂದು ಅವಳ ಅಣ್ಣನಿಗೆ ಹೇಳಿ.

ಇಷ್ಟು ಹೊತ್ತು ಕುಳಿತು ಕೇಳಿದಿರಿ. ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಿಮಗೆಲ್ಲ ನನ್ನ ಕೃತಜ್ಞತೆ. ನಳಿನಾಕ್ಷಿ, ನಿನಗೆ ಮೊದಲು. ನಮಸ್ಕಾರ.