ದೊರೆ ಗಾಡಿಯಿಂದ ಇಳಿದ ಭಾನುವಾರ

ಚಳಿಗಾಲ ಮುಗಿಯುತ್ತಾ ಬಂದಿತ್ತು. ಭಾನುವಾರ, ಮಧ್ಯಾಹ್ನ ಊಟದ ಹೊತ್ತು. ರಶಿಯಾ ಎಂಬ ಹಿಮದ ದೇಶದಲ್ಲಿ ಒಬ್ಬ ದೊರೆ ಗಾಡಿ ಹತ್ತಿ ಹೊರಟ. ಇಸವಿ ಕೇಳಬೇಡಿ, ಇದು ಮಠದ ಸಭೆಯಲ್ಲಿ ನಾನು ಹೇಳುವ ದೃಷ್ಟಾಂತ.

ಅಲ್ಲೊಂದು ಕಟ್ಟಳೆ ಇತ್ತು, ನೋಡಿ. ಅಹವಾಲು ಇದ್ದವರು ದಾರಿಯ ಪಕ್ಕ ಟೊಪ್ಪಿಗೆ ತೆಗೆದು, ಕಾಗದವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲಬೇಕು. ಗಾಡಿ ಮಾತ್ರ ನಿಲ್ಲಬಾರದು! ದೊರೆ ಕಿಟಕಿಯಿಂದ ಕೈ ಬೀಸುತ್ತಿದ್ದ. ಎಷ್ಟು ವರ್ಷ? ಇಪ್ಪತ್ತು ವರ್ಷ! ಬೀಸಿದ್ದೇ ಬೀಸಿದ್ದು. ಒಂದು ಕಾಗದವನ್ನಾದರೂ ಕೈಗೆ ತೆಗೆದುಕೊಂಡನೇ? ಇಲ್ಲ.

ನಿಂತು ನಿಂತು ಸಾಕಾದ ಇಬ್ಬರು ತರುಣರು ಕ್ರಾಂತಿಯ ಗುಂಪು ಸೇರಿದರು. ಅವತ್ತು ಅವರ ಕೈಯಲ್ಲಿ ಕಾಗದ ಇರಲಿಲ್ಲ, ಬಟ್ಟೆಯಲ್ಲಿ ಸುತ್ತಿದ ಬಾಂಬು ಇತ್ತು.

ಮೊದಲನೆಯವನು ಎಸೆದ. ಢಂ! ಗಾಡಿಯ ಹಿಂಬದಿ ಸೀಳಿತು. ದೊರೆಗೆ ಒಂದು ಗೀರೂ ಇಲ್ಲ. ಆದರೆ ಅಹವಾಲು ಹಿಡಿದು ನಿಂತಿದ್ದ, ರೊಟ್ಟಿ ಮಾರುವ ಮುದುಕನೊಬ್ಬ ರಸ್ತೆಯಲ್ಲಿ ಬಿದ್ದು ಹೊರಳಾಡುತ್ತಿದ್ದ.

ದೊರೆ ಬಾಗಿಲಿಗೆ ಕೈ ಹಾಕಿದ. ಗಾಡಿ ಹೊಡೆಯುವವನು ಕೂಗಿಕೊಂಡ:

"ಧಣ್ಯಾರ, ಇಳೀಬ್ಯಾಡ್ರಿ! ಕುದುರಿ ಇನ್ನೂ ಓಡ್ತಾವ, ಅರಮನಿ ಮುಟ್ಟಸ್ತೀನಿ!"

"ಅಲ್ಲೊಬ್ಬಾಂವ ಬಿದ್ದಾನಲ್ಲೋ!"

"ಇಪ್ಪತ್ತ ವರ್ಷ ಇಳೀಲಾರದಾವ್ರು ಇವತ್ತಽ ಇಳೀಬೇಕೇನ್ರೀ? ನಿಮ್ಮ ಕಾಲಿಗೆ ಬೀಳ್ತೀನಿ!"

ದೊರೆ ಇಳಿದ. ಹಿಮದಲ್ಲಿ ನಡೆದು ಮುದುಕನ ಪಕ್ಕ ಕೂತ. "ಏನ್ ಬರದಿದ್ದೆಪಾ ಕಾಗದದಾಗ?"

"ನನ್ನ ಮಗನ್ನ ದಂಡಿನಿಂದ..."

ಅಷ್ಟೇ. ಎರಡನೆಯ ತರುಣ ಹತ್ತು ಹೆಜ್ಜೆ ದೂರದಲ್ಲಿದ್ದ. ಢಂ! ಕೇಳಿದವನೂ ಹೋದ, ಹೇಳುತ್ತಿದ್ದವನೂ ಹೋದ, ಎಸೆದವನೂ ಹೋದ.

ಈಗ ನೀವೇ ಹೇಳಿ, ಇಳಿದದ್ದು ತಪ್ಪೇ? ಅಲ್ಲ, ಅಲ್ಲ! ಆ ಬದುಕಿನಲ್ಲಿ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಅದನ್ನು ಇಪ್ಪತ್ತು ವರ್ಷ ತಡವಾಗಿ ಮಾಡಿದ. ಸಭೆಯಲ್ಲಿ ಕೂತ ತರುಣರೇ, ನೀವು ನಗಬೇಡಿ. ಯಾರಿಗಾಗಿ ಎಸೆದರೋ ಆ ಮುದುಕನನ್ನೇ ಕೊಂದರಲ್ಲ! ಮುಂದೆ ಬಂದ ದೊರೆ ಗಾಡಿಗೆ ಕಬ್ಬಿಣದ ಬಾಗಿಲು ಹಾಕಿಸಿದ. ಇಷ್ಟೇ ಸಿಕ್ಕ ಲಾಭ.

ನಾವೇನು ದೊರೆಗಳೇ ಅನ್ನುತ್ತೀರಾ? ಹೆಂಡತಿ ಏನೋ ಹೇಳಲು ಬಂದಾಗ ಟೀವಿಯಿಂದ ಕಣ್ಣು ಕೀಳದೆ "ಹೂಂ" ಅನ್ನುತ್ತೀರಲ್ಲ, ಅದೇನು? ಕಿಟಕಿಯಿಂದ ಕೈ ಬೀಸುವುದೇ ಅಲ್ಲವೇ? ಅತ್ತೆಯವರೇ, ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದಾಗ "ಆಮೇಲೆ ನೋಡೋಣ" ಅನ್ನುತ್ತೀರಲ್ಲ, ಅದೇನು?

ಇವತ್ತು ಮನೆಗೆ ಹೋಗಿ ಟೀವಿ ಆರಿಸಿ. ಎದುರಿಗೆ ಕೂತುಕೊಳ್ಳಿ. "ಏನು ಹೇಳಬೇಕೆಂದಿದ್ದೆ?" ಎಂದು ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಇಲ್ಲವಾದರೆ ಮುಂದಿನ ಸಭೆಗೆ ಬಂದು, "ಅಪ್ಪೋರೇ, ಸೊಸೆ ಮಂಗಳವಾರ ತವರಿಗೆ ಹೋದಳು, ಯಾಕಂತ ಗೊತ್ತಿಲ್ಲ" ಎಂದು ನನ್ನ ಮುಂದೆ ಅಳಬೇಡಿ.