ದೀನವ್ವನ ಎರಡು ಮದುವೆ

ಒಂದೂರಲ್ಲಿ ಒಬ್ಬಳು ಮುದುಕಿ ಇದ್ದಳು. ಶ್ರೀಮಂತರ ಕಥೆ ಬಹಳ ಹೇಳಿದ್ದೇನೆ, ಇವತ್ತು ಇವಳದ್ದು ಕೇಳಿ. ಇವಳಿಗೆ ಇದ್ದದ್ದು ಎರಡು ಎಮ್ಮೆ. ನಮ್ಮ ಹಾಗೆಯೇ ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆಗೆ ಸೇರಿದವಳು. ತೀರಿಹೋದ ತಂದೆತಾಯಿಯ ಹೆಸರನ್ನು ನಮ್ಮ ಸಭೆಯ ದೇವಾಲಯಕ್ಕೆ ಕಳಿಸಿದರೆ, ಸಾವೂ ಬಿಡಿಸದ ಹಾಗೆ ಅವರನ್ನು ಅಲ್ಲಿ ಗಂಡಹೆಂಡತಿಯಾಗಿ ಬೆಸೆಯುತ್ತಾರೆ ಅಂತ ತಿಳಿದ ದಿನವೇ ಮೊಮ್ಮಗಳನ್ನು ಕರೆದಳು. "ನಮ್ಮವ್ವ ದೀನವ್ವನ ಹೆಸರು ಬರಿ."

ಮೊಮ್ಮಗಳು ಹಳೆಯ ಚರ್ಚುಗಳ ಮದುವೆ ಪುಸ್ತಕ ನೋಡಿ ಬಂದಳು. ತೊಡಕು ಅಲ್ಲೇ ಶುರು. ಒಂದೂರಿನ ಪುಸ್ತಕದಲ್ಲಿ ೧೯೧೭ರಲ್ಲಿ ದೀನವ್ವನಿಗೂ ಸಮಾಧಾನಪ್ಪನಿಗೂ ಮದುವೆ. ಪಕ್ಕದೂರಿನ ಪುಸ್ತಕದಲ್ಲಿ ೧೯೧೯ರಲ್ಲಿ ಅದೇ ದೀನವ್ವ, ಅವಳ ಅಪ್ಪನ ಹೆಸರೂ ಅದೇ, ಗಂಡ ಮಾತ್ರ ಎಜ್ರಪ್ಪ. ಈ ಎಜ್ರಪ್ಪನೇ ಮುದುಕಿಯ ತಂದೆ. ಈ ಎರಡನೆಯ ಪುಸ್ತಕದಲ್ಲಿ ಹೆಣ್ಣು ಕನ್ಯೆಯೋ ವಿಧವೆಯೋ ಅಂತ ಬರೆಯುವ ಜಾಗ ಖಾಲಿ.

ಆ ಖಾಲಿ ಜಾಗವನ್ನು, ನೋಡಿ, ಊರವರು ಎಂದೋ ತುಂಬಿಬಿಟ್ಟಿದ್ದರು. ಬಾವಿಕಟ್ಟೆಯ ಮೇಲೆ ಮುದುಕಿ ಹುಡುಗಿಯಾಗಿದ್ದಾಗಿನಿಂದ ಕೇಳಿದ್ದು ಒಂದೇ ಮಾತು: "ಗಂಡನ್ನ ಬಿಟ್ಟು ಓಡಿ ಬಂದಾಕಿ ಮಗಳು."

ಮಗ ಹೇಳಿದ, "ಯವ್ವಾ, ನಮ್ಮ ಅಜ್ಜನ ಹೆಸರೊಂದ ಬರದು ಕಳಸೂಣು. ಕೆದರಿದರ ಮಾನ ಹೋಗತದ."

"ನನ್ನ ಮಾನ ಬಾವಿಕಟ್ಟಿ ಮ್ಯಾಲ ಎಂದೋ ಹೋಗೇದ. ನಿಂದು ಎಷ್ಟ ಉಳದದ ತೋರಸು, ನೋಡೂಣು," ಅಂದಳು ಮುದುಕಿ. "ಓಡಿ ಬಂದಿದ್ದರ ಓಡಿ ಬಂದಾಳ ಅಂತನ ಬರೀರಿ. ಖರೇ ತಿಳೀದ ನಾ ಸಾಯಂಗಿಲ್ಲ."

ಮೊಮ್ಮಗಳು ಹನ್ನೊಂದು ಶನಿವಾರ ಅಲೆದಳು. ಹೋದಲ್ಲೆಲ್ಲ ಕೇಳಿದ್ದು ಮದುವೆ ಪುಸ್ತಕ, ಬರೀ ಮದುವೆ ಪುಸ್ತಕ. ಕಡೆಗೆ ಚರ್ಚು ಕಾಯುವ ಮುದುಕನಿಗೇ ಬೇಜಾರಾಯಿತು. "ತಂಗೀ, ಮದುವಿದ ಎಷ್ಟ ಸಲ ತಿರುವ್ತಿ? ಮಣ್ಣಾದವರ ಪುಸ್ತಕ ನೋಡೀಯೇನು?"

ನೋಡಿರಲಿಲ್ಲ! ಮೊದಲನೆಯ ಮದುವೆಯ ಪುಸ್ತಕದಲ್ಲಿ ವರನ ಕೆಲಸ 'ಹತ್ತಿ ಗಿರಣಿಯ ಕೂಲಿ' ಅಂತ ಇತ್ತು. ಗಿರಣಿಯ ಊರಿಗೆ ಹೋದಳು, ಅಲ್ಲಿನ ಚರ್ಚಿನಲ್ಲಿ ಸತ್ತವರ ಪುಸ್ತಕ ಬಿಡಿಸಿದಳು. ೧೯೧೮, ದೊಡ್ಡ ಜ್ವರದ ವರ್ಷ. ಪುಟದ ತುಂಬ ಹೆಸರು. ನಡುವೆ ಎರಡು ಸಾಲು: 'ಸಮಾಧಾನಪ್ಪ, ಗಿರಣಿ ಕೂಲಿ. ಹೊರಲು ಯಾರೂ ಬರಲಿಲ್ಲ, ಹೆಂಡತಿ ದೀನವ್ವಳೇ ಬಂಡಿಯಲ್ಲಿ ತಂದಳು.'

ಮೊದಲ ಗಂಡ ಸತ್ತದ್ದಕ್ಕೆ ಚೀಟಿ ತಾ ಅಂದಿರಬೇಕು ಎರಡನೆಯ ಊರಿನ ಪಾದ್ರಿ. ಚೀಟಿ ಬರೆಯುವವರೇ ಜ್ವರದಲ್ಲಿ ಮಲಗಿದ್ದ ವರ್ಷ, ಅವಳು ಎಲ್ಲಿಂದ ತರಬೇಕು? ಅದಕ್ಕೇ ಆ ಜಾಗ ಖಾಲಿ ಉಳಿದಿರಬೇಕು.

ಮೊಮ್ಮಗಳು ಬಂದು ಓದಿ ಹೇಳಿದಳು. ಮುದುಕಿ ಎಮ್ಮೆಯ ಮೈಮೇಲಿಂದ ಕೈ ತೆಗೆಯಲಿಲ್ಲ.

"ಒಬ್ಬಾಕೀನ ತಂದಳ?"

"ಹೂಂ ಆಯಿ. ಒಬ್ಬಾಕೀನ."

"ಇಬ್ಬರ ಹೆಸರೂ ಬರಿ. ಬಂಡ್ಯಾಗ ಬಂದಾಂವನ್ನ ಮೊದಲ ಬರಿ."

ಸಹೋದರ ಸಹೋದರಿಯರೇ, ತೀರಿಹೋದ ಹೆಣ್ಣನ್ನು ಅವಳು ಮದುವೆಯಾಗಿ ಬಾಳಿದ ಇಬ್ಬರೊಂದಿಗೂ ಬೆಸೆಯಲು ನಮ್ಮಲ್ಲಿ ಅಡ್ಡಿಯಿಲ್ಲ. ಅಡ್ಡಿ ಇರುವುದು ಎಲ್ಲಿ? ನಮ್ಮ ಹೆದರಿಕೆಯಲ್ಲಿ. ನಿಮ್ಮ ಮನೆಯ ವಂಶಾವಳಿಯ ಹಾಳೆಯಲ್ಲಿ 'ಇದು ಬೇಡ' ಅಂತ ಬಿಟ್ಟ ಹೆಸರು ಯಾರದು? ಎರಡು ಪುಸ್ತಕ ಎರಡು ಮಾತು ಹೇಳಿದರೆ ಒಂದನ್ನು ಸುಳ್ಳು ಮಾಡಿ ಮುಗಿಸಬೇಡಿ. ಮೂರನೆಯ ಪುಸ್ತಕಕ್ಕೆ ಹೋಗಿ. ಈ ಶನಿವಾರವೇ ಹೋಗಿ.

ಸತ್ತವರ ಮಾತು ಇಷ್ಟಾಯಿತು. ಬದುಕಿರುವವರ ಖಾಲಿ ಜಾಗವನ್ನೂ ತುಂಬುತ್ತೀರಲ್ಲ? ಆ ಹುಡುಗಿ ಯಾಕೆ ತವರಿಗೆ ಬಂದಳು, ಈ ಗಂಡಸು ಯಾಕೆ ಊರು ಬಿಟ್ಟ, ಎಲ್ಲ ನಿಮಗೆ ಗೊತ್ತು! ನಾಳೆ ನಳದ ಹತ್ತಿರ ಅಂಥ ಮಾತು ಬಂದರೆ ನಗಬೇಡಿ, ಸುಮ್ಮನೆ ಎದ್ದೂ ಬರಬೇಡಿ. ಕೊಡ ಕೆಳಗಿಟ್ಟು ಒಂದೇ ಮಾತು ಕೇಳಿ: "ಬಂಡಿಯ ಹಿಂದೆ ನೀನು ಇದ್ದೆಯಾ?"